ಗೋಡೆಯೊಳಗಿನ ಕಡಲಿಗೆ ಬಾವಿಯ ನೀರು

1983ರಲ್ಲಿ ನಾನು ಉಡುಪಿಯಲ್ಲಿ ಸ್ವಂತ ಕಚೇರಿ ಇಟ್ಟುಕೊಂಡಿದ್ದ ಸ್ಟ್ರಕ್ಚರಲ್ ಇಂಜಿನಿಯರ್. ಕಟ್ಟಡದ ಅಂದಚೆಂದ ಬೇರೆಯವರ ಪಾಲು. ಅದು ನಿಲ್ಲುತ್ತದೆಯೇ ಎಂಬ ಲೆಕ್ಕ ನನ್ನ ಪಾಲು. ಶಾಲೆಗಳು, ಅಕ್ಕಿ ಗಿರಣಿಗಳು, ಎರಡು ಕಿರುಸೇತುವೆಗಳು ಆ ಲೆಕ್ಕದ ಮೇಲೆ ನಿಂತಿದ್ದವು, ಇಂದಿಗೂ ನಿಂತಿವೆ. ಆದರೂ ವೃತ್ತಿಬಾಂಧವರ ನಾಲಿಗೆಯ ಮೇಲೆ ನನ್ನ ಹೆಸರು ಓಡಾಡಿದ್ದು ಕಾಪುವಿನ ಒಂದು ಮನೆಯ ಗೋಡೆಯಿಂದಾಗಿ.

ಆ ಮನೆಯ ಯಜಮಾನರು ಹಮೀದ್ ಸಾಹೇಬರು. ಬಹುಕಾಲ ಗಲ್ಫಿನಲ್ಲಿ ದುಡಿದು, ಇನ್ನು ಹೋಗುವುದಿಲ್ಲವೆಂದು ನಿರ್ಧರಿಸಿ ಮರಳಿದ್ದರು. ಮನೆಯ ಮುರಕಲ್ಲಿನ ಗೋಡೆ ಲಿಂಟೆಲ್ ಮಟ್ಟಕ್ಕೆ ಬಂದಿದ್ದಾಗ ನನ್ನ ಕಚೇರಿಗೆ ಬಂದರು. ಹಜಾರ ಮತ್ತು ಊಟದ ಕೋಣೆಯ ನಡುವಣ ಗೋಡೆಯಲ್ಲಿ ಸಮುದ್ರದ ನೀರಿನ ದೊಡ್ಡ ಅಕ್ವೇರಿಯಂ ಬೇಕು. ಅದರಲ್ಲಿ ಬರಿಯ ಮೀನಲ್ಲ, ಬಂಡೆಗೆ ಅಂಟಿ ಬದುಕುವ ಜೀವಿಗಳ ಒಕ್ಕಲೇ ಇರಬೇಕು ಎಂದರು. ಇಂಗ್ಲಿಷಿನಲ್ಲಿ ಅಂಥದಕ್ಕೆ ರೀಫ್ ಎನ್ನುತ್ತಾರೆ.

"ಅಲ್ಲಿ ಒಂದು ಹೋಟೆಲಿನ ಗೋಡೆಯೊಳಗೆ ಸಮುದ್ರವೇ ಉಂಟು ಸಾರ್. ನಾನು ಹೇಳಿದರೆ ನನ್ನ ಹೆಂಡತಿ ನಂಬುವುದಿಲ್ಲ. ನೀರಿನೊಳಗೆ ಹೂ ಅರಳುತ್ತದಾ, ಸುಳ್ಳು ಹೇಳಬೇಡಿ ಅನ್ನುತ್ತಾಳೆ. ಅವಳು ಹೆಜಮಾಡಿಯವಳು, ಸಮುದ್ರದ ಸದ್ದು ಕೇಳಿಯೇ ಬೆಳೆದವಳು. ಆದರೆ ಜೀವಮಾನದಲ್ಲಿ ಕಂಡ ಮೀನೆಲ್ಲ ಬುಟ್ಟಿಯಲ್ಲಿ ಸತ್ತು ಬಂದದ್ದೇ. ಒಮ್ಮೆಯಾದರೂ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ."

ನಾನು ಒಪ್ಪಿದೆ. ಸುದ್ದಿ ನನಗಿಂತ ಮೊದಲೇ ಮಣಿಪಾಲ ತಲುಪಿತ್ತು. ಅಲ್ಲಿ ನಡೆದ ಇಂಜಿನಿಯರರ ಕೂಟದಲ್ಲಿ ನಾನು ಒಳಗೆ ಕಾಲಿಡುತ್ತಲೇ ಹಿರಿಯ ಗುತ್ತಿಗೆದಾರರೊಬ್ಬರು, "ಬನ್ನಿ ಬನ್ನಿ, ಬಂಗುಡೆಗೆ ಬಂಗಲೆ ಕಟ್ಟುವವರು ಬಂದರು!" ಎಂದರು. ನಕ್ಕವರಲ್ಲಿ ಯಾರು ಯಾವ ಕುರ್ಚಿಯಲ್ಲಿದ್ದರೆಂಬುದನ್ನು ಈಗಲೂ ಹೇಳಬಲ್ಲೆ. ಅಂದು ನನಗೆ ಕುರ್ಚಿ ಸಿಗಲಿಲ್ಲವೆಂಬುದನ್ನೂ ಹೇಳಬಲ್ಲೆ.

ಕೆಲಸ ನಗೆಯಾಡುವಂಥದಾಗಿರಲಿಲ್ಲ. ತೊಟ್ಟಿ ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಅಷ್ಟೇ ಎತ್ತರ. ಅದರಲ್ಲಿ ಹಿಡಿಯುವ ನೀರೇ ಸುಮಾರು ಒಂದೂವರೆ ಟನ್ ತೂಗುತ್ತದೆ. ಕಲ್ಲು, ಮರಳು, ಕಾಂಕ್ರೀಟಿನ ಭಾರ ಬೇರೆ. ಮುರಕಲ್ಲಿನ ಗೋಡೆ ತೊಟ್ಟಿಯನ್ನು ಹೊರಬಾರದು, ತೊಟ್ಟಿ ಗೋಡೆಯನ್ನು ಹೊರಬಾರದು. ಇದು ನಾನು ಹಾಕಿಕೊಂಡ ಮೊದಲ ನಿಯಮ. ಮೇಲಿನ ಗೋಡೆಯನ್ನು ಒಂದು ಬೀಮಿನ ಮೇಲೆ ಕೂರಿಸಿದೆ. ತೊಟ್ಟಿಗೆ ಪ್ರತ್ಯೇಕ ತಳಪಾಯ ತೋಡಿಸಿ, ಅದರ ಮೇಲೆ ಕಾರ್ಕಳದ ಕರಿಕಲ್ಲಿನ ಚಪ್ಪಡಿ ಹಾಸಿಸಿದೆ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಸರಳುಗಳನ್ನು ಕಾಂಕ್ರೀಟಿನ ಆಳದಲ್ಲಿ ಹುದುಗಿಸಿ, ಒಳಮೈಗೆ ನೀರು ಇಳಿಯದ ಎಪಾಕ್ಸಿ ಲೇಪ ಬಳಿಸಿದೆ. ಅಷ್ಟುದ್ದದ ಒಂದೇ ಗಾಜು ನೀರಿನ ಒತ್ತಡಕ್ಕೆ ಬಾಗುವ ಭಯವಿದ್ದುದರಿಂದ ನಡುವೆ ಒಂದು ಕಾಂಕ್ರೀಟ್ ಕಂಬ ನಿಲ್ಲಿಸಿ ಎರಡು ಕಿಟಕಿ ಮಾಡಿದೆ. ಗಾಜು ಕೂರಿಸುವ ಸಿಲಿಕೋನ್ ಅಂಟನ್ನು ಹಮೀದ್ ಸಾಹೇಬರು ಗಲ್ಫಿನಿಂದ ತರಿಸಿದರು. ವಿದ್ಯುತ್ ಕೈಕೊಟ್ಟಾಗ ನೀರಿಗೆ ಗಾಳಿಯೂದುವ ಪಂಪು ನಿಲ್ಲದಂತೆ ಲಾರಿಯ ಬ್ಯಾಟರಿಯೊಂದನ್ನು ಜೋಡಿಸಿದೆ.

ಸಾಹೇಬರ ಪತ್ನಿ ಝುಬೈದಾ ಅವರ ಅಣ್ಣ ಮೊಯ್ದಿನ್ ಹೆಜಮಾಡಿಯ ಮೀನಿನ ವ್ಯಾಪಾರಿ. ಮನೆಯವರಿಗೆ ಅವರ ಮಾತೇ ಕೊನೆಯದು. ಗೋಡೆಯ ಕಂಡಿಯ ಮುಂದೆ ನಿಂತು, "ಎಂತ ಇಂಜಿನಿಯರ್ರೇ, ಕಾಪುವಿನಲ್ಲಿ ಸಮುದ್ರ ನೋಡಲಿಕ್ಕೆ ಗೋಡೆ ಒಡೆಯಬೇಕಾ? ಬಾಗಿಲು ತೆಗೆದರೆ ಸಾಕಲ್ವಾ?" ಎಂದರು. ಮೇಸ್ತ್ರಿ ಕರಣೆ ಕೆಳಗಿಟ್ಟು ನಕ್ಕ. ನಾನು ನಗಲಿಲ್ಲ.

ಎಪಾಕ್ಸಿ ಬಳಿದರೂ ಹೊಸ ಕಾಂಕ್ರೀಟಿನಿಂದ ಸುಣ್ಣದ ಕ್ಷಾರ ಒಂದಿಷ್ಟು ಹೊರಬರುತ್ತದೆ. ಅದು ಮೀನಿಗೆ ವಿಷ. ಬಾವಿ ನೀರು ತುಂಬಿಸುವುದು, ಚೆಲ್ಲುವುದು, ಮತ್ತೆ ತುಂಬಿಸುವುದು, ಹೀಗೆ ವಾರಗಟ್ಟಲೆ ನಡೆಯಿತು. ಚಳಿಗಾಲದಲ್ಲಿ, ನೀರು ತಿಳಿಯಾಗಿದ್ದಾಗ, ದಡದಿಂದ ದೂರ ದೋಣಿ ಕಳಿಸಿ ಪೀಪಾಯಿಗಳಲ್ಲಿ ಸಮುದ್ರದ ನೀರು ತರಿಸಿದೆವು. ದೋಣಿ, ಲಾರಿ ಎರಡೂ ಮೊಯ್ದಿನ್ ಅವರವು. ಈ ಉಪಕಾರವನ್ನೂ ನಾನು ಮರೆತಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರ ಸಲಹೆಯಂತೆ ಚಿಪ್ಪಿನ ಪುಡಿ ಹಾಸಿ, ಬಂಡೆತುಂಡುಗಳನ್ನು ಇಟ್ಟು, ನೀರು ಹದಗೊಂಡ ಬಳಿಕ ಪಟ್ಟೆಮೀನುಗಳನ್ನೂ ಕಡಲ ಹೂಗಳನ್ನೂ ಬಿಟ್ಟೆವು. ಕಡಲ ಹೂ ಎಂದರೆ ಸೀ ಅನಿಮೋನ್. ನೋಡಲು ಹೂವು, ನಿಜಕ್ಕೆ ಪ್ರಾಣಿ. ಮೊದಲ ಹೂ ಎಸಳು ಬಿಚ್ಚಿದಾಗ ಝುಬೈದಾ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದರು. ಸಾಹೇಬರು ಗಾಜನ್ನಲ್ಲ, ಅವರನ್ನು ನೋಡುತ್ತಿದ್ದರು.

ಕೆಲಸ ಒಪ್ಪಿಸುವಾಗ ನಾನು ಎಲ್ಲರೆದುರು ಸ್ಪಷ್ಟವಾಗಿ ಹೇಳಿದ್ದೆ: ನೀರು ಇಳಿದಷ್ಟು ಬಾವಿಯ ನೀರನ್ನೇ ಹಾಕಬೇಕು.

ಬೇಸಗೆ ಏರಿದಾಗ ಸಾಹೇಬರಿಂದ ಕರೆ ಬಂತು. ಹೋಗಿ ನೋಡಿದರೆ ಹೂಗಳು ಮುದುಡಿ ಅಂಗಿಯ ಗುಂಡಿಯಂತಾಗಿದ್ದವು. ಎರಡು ಮೀನು ಸತ್ತಿದ್ದವು, ಉಳಿದವು ತಳದಲ್ಲಿ ಏದುಸಿರು ಬಿಡುತ್ತಿದ್ದವು. ಅಂಗಳದಲ್ಲಿ ಮುರಕಲ್ಲು ಇಳಿಸಿಯೂ ಆಗಿತ್ತು. ಇನ್ನೊಂದು ಮೀನು ಸತ್ತರೆ ಕಂಡಿ ಮುಚ್ಚಿಸಿ, ಪಿಂಗಾಣಿ ಇಡುವ ಶೋಕೇಸು ಮಾಡಿಸುವುದೆಂದು ಮೊಯ್ದಿನ್ ತೀರ್ಮಾನಿಸಿದ್ದರು.

"ನಿಮ್ಮ ಸಿಮೆಂಟೇ ಕೊಂದದ್ದು," ಎಂದರು. ನನ್ನ ಕಾಂಕ್ರೀಟಿನ ಬಗ್ಗೆ ಅಂಥ ಮಾತನ್ನು ಅದಕ್ಕೆ ಮುನ್ನ ಯಾರೂ ಆಡಿರಲಿಲ್ಲ.

ನಾನು ಲಿಟ್ಮಸ್ಸಿನಂಥ ಕಾಗದ ಅದ್ದಿ ಕ್ಷಾರ ಪರೀಕ್ಷಿಸಿದೆ, ಸರಿಯಾಗಿತ್ತು. ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ನೀರಿನ ಮಟ್ಟ. ಮೇಲೆ ಫ್ಯಾನು ತಿರುಗುವ ಆ ಸೆಕೆಯಲ್ಲೂ ನೀರು ಗುರುತಿನ ಗೆರೆಯಲ್ಲೇ ನಿಂತಿತ್ತು.

"ದಿನಾ ಯಾರು ನೀರು ಹಾಕುತ್ತಾರೆ?"

"ನಾನೇ ವ್ಯವಸ್ಥೆ ಮಾಡಿದ್ದು," ಮೊಯ್ದಿನ್ ಎದೆಯುಬ್ಬಿಸಿದರು. "ದಿನಕ್ಕೊಂದು ಕೊಡ, ತಾಜಾ ಸಮುದ್ರದ ನೀರು. ಸಮುದ್ರದ ಮೀನಿಗೆ ಬಾವಿ ನೀರು ಹಾಕಲಿಕ್ಕೆ ನಮಗೆ ಹುಚ್ಚಾ? ಅಜ್ಜನ ಕಾಲದಿಂದ ಮೀನಿನೊಟ್ಟಿಗೇ ಇರುವವರು ಮಾರಾಯ್ರೇ ನಾವು."

ಹೈಡ್ರೋಮೀಟರ್ ತೇಲಿಬಿಟ್ಟೆ. ನೀರಿನ ಸಾಂದ್ರತೆ ಅಳೆದು ಉಪ್ಪಿನ ಪ್ರಮಾಣ ತಿಳಿಸುವ ಗಾಜಿನ ಕೊಳವೆಯದು. ತುಂಬಿಸಿದಾಗ 1.025 ತೋರಿಸಿದ್ದು ಈಗ 1.035ನ್ನೂ ದಾಟಿತ್ತು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ನೀವು ದಿನಾ ಮತ್ತಷ್ಟು ಉಪ್ಪು ಸುರಿದಿದ್ದೀರಿ ಎಂದು ವಿವರಿಸಿದೆ. ಮೊಯ್ದಿನ್ ಆ ಕೊಳವೆಯತ್ತ ಕಣ್ಣೂ ಹಾಯಿಸಲಿಲ್ಲ. "ಗಾಜಿನ ಕಡ್ಡಿ ಹೇಳಿದ್ದು ದೊಡ್ಡದಾ, ಸಮುದ್ರ ದೊಡ್ಡದಾ?" ಎಂದರು.

ಆಗ ಬಾಗಿಲಿನ ಮರೆಯಿಂದ ಝುಬೈದಾ ಅವರ ದನಿ ಕೇಳಿಸಿತು. ಅವರ ಮನೆಮಾತಿನಲ್ಲಿ ಕಾಕಾ ಎಂದರೆ ಅಣ್ಣ. "ಕಾಕಾ, ಮೀನಿನ ಸಾರು ಒಲೆಯಲ್ಲಿ ಬತ್ತಿದಾಗ ನಾನು ಉಪ್ಪುನೀರು ಹಾಕಿ ಬಡಿಸಿದರೆ ನೀವು ಉಣ್ಣುತ್ತೀರಾ?"

ಅಣ್ಣ "ಅದು ಸಾರು," ಎಂದರು.

"ಇದೂ ಸಾರೇ ಆಗಿದೆ. ಹಾಗಾಗಿಯೇ ಅವು ಸಾಯುವುದು." ಆಕೆ ಹೊರಗೆ ಬಂದು ಬಾವಿಕಟ್ಟೆಗೆ ನಡೆದರು, ತಾವೇ ಸೇದಿದ ಕೊಡವನ್ನು ತೊಟ್ಟಿಯ ಬಳಿ ತಂದಿಟ್ಟು, "ಎಷ್ಟು ಹಾಕಲಿ ಸಾರ್?" ಎಂದು ನನ್ನನ್ನು ಕೇಳಿದರು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಒಮ್ಮೆಲೇ ಸುರಿದರೆ ಮೀನು ತಾಳದು. ತೊಟ್ಟಿಯ ನೀರನ್ನು ಸ್ವಲ್ಪ ಹೊರತೆಗೆದು, ಅಷ್ಟೇ ಬಾವಿನೀರನ್ನು ನಿಧಾನವಾಗಿ ಬೆರೆಸಬೇಕು; ದಿನದಿಂದ ದಿನಕ್ಕೆ ಹೈಡ್ರೋಮೀಟರ್ ನೋಡಿ ಇಳಿಸಬೇಕು. ಅದನ್ನು ಓದುವ ಬಗೆಯನ್ನು ಆಕೆಗೇ ಕಲಿಸಿದೆ. ಮೊದಲು ಮೀನುಗಳು ತಳ ಬಿಟ್ಟು ಮೇಲೆದ್ದವು. ಹೂಗಳು ತಡಮಾಡಿದವು, ಐದರಲ್ಲಿ ಎರಡು ಹೋಗಿಯೇಬಿಟ್ಟವು. ಮುಂಗಾರಿಗೆ ಮೊದಲು ಸಾಹೇಬರ ಮನೆಯಿಂದ ಇನ್ನೊಂದು ಫೋನ್ ಕರೆ ಬಂತು. ಈ ಸಲ ಮಾತನಾಡಿದವರು ಝುಬೈದಾ: "ಸಾರ್, ಮೂರೂ ಬಿಚ್ಚಿವೆ. ನಾನು ನೋಡುತ್ತಲೇ ಇದ್ದೇನೆ."

ಮಳೆಗಾಲ ಮುಗಿದ ಮೇಲೆ ಗಾಜಿನ ಅಂಚು ಪರೀಕ್ಷಿಸಲು ಹೋದಾಗ ಹಜಾರದ ತುಂಬ ಪಡುಬಿದ್ರಿಯ ನೆಂಟರಿದ್ದರು. ಅವರಲ್ಲೊಬ್ಬರು, ನೀರು ಕಡಿಮೆಯಾದರೆ ಸಮುದ್ರದಿಂದ ತರುತ್ತೀರಾ ಎಂದು ಕೇಳಿದರು. ಮೊಯ್ದಿನ್ ತೊಡೆ ತಟ್ಟಿ ನಕ್ಕರು. "ಸಮುದ್ರದಿಂದಲಾ? ಬಾವಿ ನೀರು ಹಾಕಬೇಕು ಮಾರಾಯ! ಉಪ್ಪು ಎಲ್ಲಿಗೆ ಹೋಗುತ್ತದೆ? ಅಷ್ಟೂ ಗೊತ್ತಿಲ್ಲವಾ ನಿನಗೆ?"

ನಾನು ಅಲ್ಲೇ ಇದ್ದೆ. ಅವರು ನನ್ನತ್ತ ತಿರುಗಲಿಲ್ಲ. ನನ್ನ ಸಿಮೆಂಟಿನ ಬಗ್ಗೆ ಆಡಿದ ಮಾತನ್ನು ಅಂದೂ ಹಿಂದೆಗೆದುಕೊಳ್ಳಲಿಲ್ಲ, ಮುಂದೆಯೂ ಇಲ್ಲ. ಇದನ್ನು ಇಲ್ಲಿ ದಾಖಲಿಸುವುದು ಅಗತ್ಯವೆಂದು ಭಾವಿಸುತ್ತೇನೆ. ಆದರೆ ವೃತ್ತಿ ನನಗೆ ಕಲಿಸಿದ್ದನ್ನೂ ದಾಖಲಿಸಬೇಕು. ಕೀಲಿಕೈ ಕೊಟ್ಟ ದಿನ ಕೆಲಸ ಮುಗಿಯುವುದಿಲ್ಲ. ನಮ್ಮ ಲೆಕ್ಕ ಆ ಮನೆಯವರ ಒಲೆಯ ಲೆಕ್ಕವಾಗಿ, ಎದುರು ವಾದಿಸಿದವರೇ ಅದನ್ನು ತಮ್ಮದೆಂದು ಇನ್ನೊಬ್ಬರಿಗೆ ಗದರಿ ಹೇಳುವಾಗ ಮುಗಿಯುತ್ತದೆ. ಅಂದು ನಾನು ಗಾಜಿನ ಅಂಚನ್ನು ಪರೀಕ್ಷಿಸಿ, ಸೋರಿಕೆಯಿಲ್ಲವೆಂದು ತಿಳಿಸಿ, ಅವರು ಕೊಟ್ಟ ಚಹಾ ಕುಡಿದು ಹೊರಟೆ.