ನಾನು ಸರಿಸಿದ ಪಾಚಿ

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಕರೆಂಟ್ ಕಡಿತ ಹೆಚ್ಚಾಗಿ ಪೀಣ್ಯದ ನಮ್ಮ ಮಷೀನ್ ಶಾಪ್ ಎರಡು ವಾರ ಮುಚ್ಚಿತ್ತು. ನಾನು ಅಲ್ಲಿ ಟರ್ನರ್, ಲೇತ್ ಮೇಲೆ ಲೋಹ ಕಡೆಯುವವನು. ಅದಕ್ಕೆ ಸ್ವಲ್ಪ ಮೊದಲು ವನ್ಯಜೀವಿಗಳ ಚಿತ್ರ ತೆಗೆಯುವ ಕ್ಯಾಮೆರಾಮನ್ ಒಬ್ಬರು ಕೆಟ್ಟುಹೋದ ಟ್ರೈಪಾಡ್ ಹಿಡಿದು ಬಂದಿದ್ದರು. ಕ್ಯಾಮೆರಾ ಸದ್ದಿಲ್ಲದೆ ತಿರುಗುವಂತೆ ಅದಕ್ಕೊಂದು ಹಿತ್ತಾಳೆಯ ಒಳಬಳೆ, ಬುಷ್, ಮಾಡಿಕೊಟ್ಟೆ. ಅವರು ತಿರುಗಿಸಿ ನೋಡಿ, "ಬೆಣ್ಣೆ ಇದ್ದಂಗಿದೆ ಗುರು! ಹೆಂಗೂ ರಜಾ ಬರ್ತಿದ್ಯಲ್ಲ, ನನ್ ಜೊತೆ ಕೆರೆಗೆ ಬಾ," ಅಂದರು.

ಕೆರೆ ಮಾದನಾಯಕನಹಳ್ಳಿಯ ಆಚೆ. ದಾಸರಹಳ್ಳಿಯ ನನ್ನ ಕೋಣೆಯಿಂದ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಅಲ್ಲಿ ಒಂದು ಗುಳುಮುಳುಕ ಹಕ್ಕಿ ಗೂಡು ಕಟ್ಟಿತ್ತು. ನೋಡಲು ಬಾತಿನ ಮರಿಯಂತಿದ್ದು, ಕಣ್ಣು ಮಿಟುಕಿಸುವುದರೊಳಗೆ ನೀರಿನಲ್ಲಿ ಮುಳುಗಿಬಿಡುವ ಹಕ್ಕಿ. ಅದರ ಗೂಡು ನೀರಿನ ಮೇಲೆ ತೇಲುವ ಪಾಚಿಯ ಗುಡ್ಡೆ. ಮೊಟ್ಟೆಯೊಡೆದು ಮರಿ ಹೊರಬರುವುದನ್ನು ಅವರು ಚಿತ್ರಿಸಬೇಕಿತ್ತು.

ಅವರು ಹಿಮದ ಬೆಟ್ಟಗಳಲ್ಲಿ, ಮರಳುಗಾಡಿನಲ್ಲಿ ಕೆಲಸ ಮಾಡಿದ್ದವರು. ಚಳಿಯಲ್ಲಿ ಫಿಲ್ಮ್ ಪಟಪಟನೆ ಮುರಿಯುತ್ತದೆಂದು ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಮಲಗುತ್ತಿದ್ದರಂತೆ. ಇಲ್ಲಿ ಫಿಲ್ಮ್ ಡಬ್ಬಿಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದರು. ಸೊಂಟದವರೆಗಿನ ನೀರಿನಲ್ಲಿ ನಾಲ್ಕು ಕೋಲು ನೆಟ್ಟು, ಗೋಣಿತಾಟು ಸುತ್ತಿದ ಒಂದು ಮರೆ. ಒಳಗೆ ಒಲೆಯಂಥ ಶೆಕೆ. ಅದರಲ್ಲಿ ಆರು ಗಂಟೆ ಕೆಮ್ಮದೆ, ತುರಿಸಿಕೊಳ್ಳದೆ, ಒಂದು ಹಲಗೆಯ ಮೇಲೆ ಕೂರುತ್ತಿದ್ದರು. ಹಕ್ಕಿ ಬೆದರದಿರಲೆಂದು ಮರೆಯನ್ನು ದಿನಕ್ಕೆ ಎರಡೇ ಅಡಿ ಗೂಡಿನ ಹತ್ತಿರ ಸರಿಸುತ್ತಿದ್ದೆವು. ಹಾಗೆ ಹನ್ನೊಂದು ದಿನ.

ನನ್ನ ಮುಖ್ಯ ಕೆಲಸ ಹೊರಟುಹೋಗುವುದು. ಬೆಳಿಗ್ಗೆ ಇಬ್ಬರೂ ಮರೆಯವರೆಗೆ ಹೋಗುತ್ತಿದ್ದೆವು. ಅವರು ಒಳಗೆ ಸೇರಿದ ಮೇಲೆ ನಾನೊಬ್ಬನೇ ನೀರು ಬಡಿಯುತ್ತ ದಡಕ್ಕೆ ಮರಳಬೇಕು.

"ಹಕ್ಕಿಗೆ ಲೆಕ್ಕ ಬರಲ್ಲ ಗುರು. ಒಬ್ರು ಹೋದ್ರೆ ಎಲ್ಲಾ ಹೋದ್ರು ಅಂತ್ಲೇ ಅನ್ಕೊಳುತ್ತೆ. ಆದ್ರೆ ಗೂಡನ್ನ ನೇರವಾಗಿ ನೋಡ್ಬೇಡ. ನಮ್ ಕಣ್ಣು ಅದ್ರ ಕಡೆ ಇದೆ ಅಂತ ಗೊತ್ತಾದ್ರೆ ಹೆದರುತ್ತೆ." ಈ ನಿಯಮವನ್ನು ಅವರು ಒಂದು ದಿನವೂ ಮುರಿಯಲಿಲ್ಲ.

ದಡದಲ್ಲಿ ಎಮ್ಮೆ ಸಾಕಿದ್ದ ಒಬ್ಬ ಅಮ್ಮ ಇದ್ದರು. ಎಮ್ಮೆಗಳನ್ನು ನೀರಿಗೆ ಬಿಡಬೇಡಿ ಎಂದು ಕ್ಯಾಮೆರಾಮನ್ ಕೇಳಿಕೊಂಡಿದ್ದಕ್ಕೆ, ಮೂರು ಎಮ್ಮೆಗಳನ್ನೂ ಮರಕ್ಕೆ ಕಟ್ಟಿ, ಬಿಂದಿಗೆಯಲ್ಲಿ ನೀರು ಹೊತ್ತು ತಂದು ಮೈ ತೊಳೆಯುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಅವರದು ಒಂದೇ ತಮಾಷೆ: "ಇಬ್ರು ಓಯ್ತೀರ, ಒಬ್ನೇ ಬತ್ತೀಯ. ಆ ಸಾಮಿನ ಅಲ್ಲೇ ಮುಳುಗ್ಸಿ ಬತ್ತೀಯೇನಪ್ಪ?"

ಹನ್ನೆರಡನೆಯ ದಿನ ಮೊದಲ ಚಿತ್ರೀಕರಣ. ನಾವು ಹತ್ತಿರ ಬರುತ್ತಿದ್ದಂತೆ ಹಕ್ಕಿ ಕೊಕ್ಕಿನಿಂದ ಗೂಡಿನ ಮೇಲೆ ಏನನ್ನೋ ಎಳೆದುಕೊಂಡು ನೀರಿಗೆ ಜಾರಿತು. ಅವರು ತಲೆ ತಗ್ಗಿಸಿ ಮರೆಯೊಳಗೆ ಹೋದರು. ಫಿಲ್ಮಿಗೆ ಬೆಳಕು ತಾಗದಂತೆ ಎರಡೂ ಕೈಗಳನ್ನು ಕಪ್ಪು ಚೀಲದೊಳಗೆ ತೂರಿಸಿ, ಬರೀ ಬೆರಳಿನ ಅಂದಾಜಿನಲ್ಲಿ ಫಿಲ್ಮ್ ತುಂಬತೊಡಗಿದರು. ನಾನು ಹೊರಗೆ ನಿಂತಿದ್ದೆ. ಗೂಡನ್ನು ನೇರವಾಗಿ ನೋಡಿದೆ.

ಕೊಳೆತ ಪಾಚಿ ಬಿಟ್ಟರೆ ಏನೂ ಕಾಣಲಿಲ್ಲ. ಇಷ್ಟು ಕಷ್ಟಪಟ್ಟು ಚಿತ್ರ ತೆಗೆದರೆ ಮೊಟ್ಟೆಯೇ ಕಾಣದಲ್ಲ ಅನ್ನಿಸಿತು. ಶಾಪಿನಲ್ಲಿ ಕಡೆದ ವಸ್ತುವನ್ನು ಇನ್‌ಸ್ಪೆಕ್ಷನ್ನಿಗೆ ಕೊಡುವ ಮೊದಲು ಮೇಲಿನ ಚೂರು, ಎಣ್ಣೆ ಒರೆಸಿ ಕೊಡುವುದು ರೂಢಿ. ಒರೆಸದೆ ಕೊಟ್ಟರೆ ಫೋರ್‌ಮನ್ ಬೈಯುತ್ತಿದ್ದರು. ಕೈ ತಾನಾಗಿಯೇ ಹೋಯಿತು ಎಂದು ಬರೆಯಬಹುದು. ಆದರೆ ನಾನು ಎರಡು ಹೆಜ್ಜೆ ನಡೆದು ಹೋಗಿಯೇ ಪಾಚಿ ಸರಿಸಿದ್ದು. ನಾಲ್ಕು ಮೊಟ್ಟೆ, ಬೆಚ್ಚಗಿದ್ದವು. ಆಮೇಲೆ ನೀರು ಬಡಿಯುತ್ತ ದಡಕ್ಕೆ ಬಂದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಮರೆಯಿಂದ ಕೂಗು ಕೇಳಿಸಿತು. ಗೋಣಿತಾಟು ಹರಿದುಕೊಂಡು ಅವರು ಹೊರಬಂದು ಕೈ ಬೀಸುತ್ತಿದ್ದರು. ಮೇಲೆ ಎರಡು ಕಾಗೆ. ನಾನು ತಲುಪುವಷ್ಟರಲ್ಲಿ ಗೂಡಿನಲ್ಲಿ ಒಡೆದ ಚಿಪ್ಪು ಮಾತ್ರ ಉಳಿದಿತ್ತು. ಒಂದು ಚಿಪ್ಪಿನಲ್ಲಿ ಮರಿಯ ಕಾಲು ಕಾಣುತ್ತಿತ್ತು.

"ಎದ್ದು ಹೋಗೋವಾಗ ಅದು ಕಾಗೆಗೆ ಕಾಣ್ದಂಗೆ ಯಾವತ್ತೂ ಮೊಟ್ಟೆ ಮುಚ್ಚೇ ಹೋಗೋದು," ಅಂದರು. "ಇವತ್ತು ಯಾಕೆ ಮುಚ್ಚಲಿಲ್ಲ? ಏನೋ ನೋಡಿ ಸಡನ್ನಾಗಿ ಹೆದರಿರ್ಬೇಕು. ಎಮ್ಮೆ ಕೂಗಿದ್ದು ಕೇಳಿಸ್ತು ನಂಗೆ."

ಹಕ್ಕಿ ಮುಚ್ಚಿಯೇ ಹೋಗಿತ್ತು. ಅದನ್ನು ಹೇಳಲು ದಡದವರೆಗಿನ ದಾರಿಯಿಡೀ ನನಗೆ ಸಮಯವಿತ್ತು.

ದಡದಲ್ಲಿ ಅವರು ಆ ಅಮ್ಮನ ಮೇಲೆ ರೇಗಿದರು. "ಹನ್ನೊಂದು ದಿನದ ಕೆಲ್ಸ ಕಣಮ್ಮ! ಒಂದಿನ ಎಮ್ಮೆ ಕಟ್ಟಕ್ಕಾಗ್ಲಿಲ್ವಾ?"

"ನೀರಿಗೆ ಬಿಟ್ಟೇ ಇಲ್ಲ ಸಾಮಿ. ಅಗ್ಗ ನೋಡಿ, ಇನ್ನೂ ಅಂಗೇ ಐತೆ." ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಯೋಳಪ್ಪ. ನೀನ್ ಇಲ್ಲೇ ಕುಂತಿದ್ದೆ ಅಲ್ವಾ?"

"ನಾನು ಆ ಕಡೆ ನೋಡ್ಲಿಲ್ಲ," ಅಂದೆ.

ಆ ಅಮ್ಮ ಬಿಂದಿಗೆ ಎತ್ತಿಕೊಂಡು ನೀರಿಗೆ ಹೋದರು.

ಶಾಪ್ ಶುರುವಾಯಿತು. ಮೂರನೆಯ ಭಾನುವಾರ, ನಿಜ ಹೇಳಿಬಿಡಬೇಕೆಂದೇ ಕೆರೆಗೆ ಹೋದೆ. ಆ ಅಮ್ಮ ಇನ್ನೂ ಬಿಂದಿಗೆ ಹೊರುತ್ತಿದ್ದರು. "ಆ ಕಡೆ ಓಗ್ಬ್ಯಾಡ," ಅಂದರು. "ಇನ್ನೊಂದು ಗೂಡು ಕಟ್ಟೈತೆ. ಆ ಸಾಮಿಗೆ ಯೋಳು, ಬಂದು ನೋಡ್ಲಿ. ನನ್ನೆಮ್ಮೆ ಏನೂ ಮಾಡಾಕಿಲ್ಲ ಅಂತ ಅವ್ರೇ ನೋಡ್ಲಿ." ಅವರ ಕೈಯಿಂದ ಬಿಂದಿಗೆ ಇಸಿದುಕೊಂಡು ಎಂಟು ಸಲ ನೀರು ತಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ಮನೆಗೆ ಬಂದು ಕ್ಯಾಮೆರಾಮನ್‌ಗೆ ಕಾರ್ಡು ಬರೆದೆ. ಹೊಸ ಗೂಡಿನ ವಿಷಯ ಮಾತ್ರ ಬರೆದೆ. ಕಾರ್ಡಿನ ಕೆಳಗೆ ಇನ್ನೂ ಜಾಗವಿತ್ತು.

ಅವರು ಬಂದರು. ಮತ್ತೆ ದಿನಕ್ಕೆ ಎರಡು ಅಡಿ. ಈ ಸಲ ಬೇರೊಬ್ಬರು ಅವರನ್ನು ಬಿಟ್ಟುಬರುತ್ತಿದ್ದರು. ಕೊನೆಯ ದಿನ ಭಾನುವಾರವಾದ್ದರಿಂದ ನಾನೂ ಹೋಗಿದ್ದೆ. ಮೊಟ್ಟೆಯೊಡೆದು, ಪಟ್ಟೆ ಪಟ್ಟೆ ಮರಿಗಳು ತಾಯಿಯ ಬೆನ್ನೇರಿ ಕೂತದ್ದು ಪೂರ್ತಿ ಸಿಕ್ಕಿತು. ಅವರು ನಗುತ್ತ ದಡಕ್ಕೆ ಬಂದು ಆ ಅಮ್ಮನಿಗೆ ಕೈ ಮುಗಿದರು.

"ನೋಡಿದ್ರಾಮ್ಮ, ಎಮ್ಮೆ ಸರ್ಯಾಗಿ ಕಟ್ಟಿದ್ರೆ ಎಷ್ಟು ಚೆನ್ನಾಗಾಗುತ್ತೆ! ಅವತ್ತೂ ಹಿಂಗೇ ಕಟ್ಟಿದ್ರೆ ಆಗ್ತಿತ್ತು."

ಆ ಅಮ್ಮ ನನ್ನನ್ನು ನೋಡಿದರು. ಕೋಪವೇನೂ ಕಾಣಲಿಲ್ಲ. ನಾನು ಏನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದರು, ಅಷ್ಟೇ. ನಾನು ತಲೆ ಬಗ್ಗಿಸಿ ಟ್ರೈಪಾಡ್ ಮಡಚಿದೆ. ನನ್ನ ಬುಷ್ ಸದ್ದಿಲ್ಲದೆ ತಿರುಗಿತು.

"ಊಂ ಸಾಮಿ," ಅಂದು ಅವರು ಎಮ್ಮೆಗಳ ಹಗ್ಗ ಬಿಚ್ಚಲು ಹೋದರು.