ಹನ್ನೊಂದೂವರೆಯ ನೀರು

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷಗಳಾಗಿದ್ದವು. ನಾನು ಆಗ ಹೈದರಾಬಾದಿನ ಒಂದು ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಸೀನಿಯರ್ ಸೈಂಟಿಸ್ಟ್. ಕೆರೆ, ಹೊಳೆಗಳ ನೀರು ಪರೀಕ್ಷಿಸಿ, ಅದರಲ್ಲಿ ಮೀನು ಬದುಕುತ್ತದೋ ಇಲ್ಲವೋ ಎಂದು ಮೀನುಗಾರರ ಸಂಘಗಳಿಗೆ ಹೇಳುವುದು ನನ್ನ ಕೆಲಸ. ಮನೆ ಮಲ್ಕಾಜ್‌ಗಿರಿಯಲ್ಲಿ, ನಮ್ಮ ಯಜಮಾನರು ರೈಲ್ವೆಯವರು. ಊರಿಗೆಲ್ಲ ಕಂಪ್ಯೂಟರಿನ ಜ್ವರ ಹತ್ತಿದ್ದ ಕಾಲ ಅದು. ಸಾಫ್ಟ್‌ವೇರ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮ ಡೈರೆಕ್ಟರ್ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು ನಿಲ್ಲುತ್ತಿದ್ದರು. ಮೀನು ಎಂದರೆ ಮಾತ್ರ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು. ಮೀನಿನ ವಾಸನೆ ತಡೆಯಲಾರದ ಮನುಷ್ಯನನ್ನು ನಮ್ಮ ಕೇಂದ್ರಕ್ಕೆ ಯಾವ ಪುಣ್ಯಾತ್ಮ ಕಳಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕುಷಾಯಿಗೂಡ ದಾಟಿದ ಮೇಲೆ ಒಂದು ಕೆರೆಯಿತ್ತು. ಅದರ ಮೀನು ಹಿಡಿಯುವ ಹಕ್ಕು ಅಲ್ಲಿನ ಮೀನುಗಾರರ ಸಂಘದ್ದು. ಕೆರೆ ಕಾಯಲು ಸಂಘದವರು ಶರಣಪ್ಪ ಎಂಬವನನ್ನು ಇಟ್ಟುಕೊಂಡಿದ್ದರು. ರಾಯಚೂರು ಕಡೆಯ ಕೃಷ್ಣಾ ದಂಡೆಯವನು. ಗಾರೆ ಕೆಲಸಕ್ಕೆಂದು ಹೆಂಡತಿ ನಿಂಗವ್ವನ ಜೊತೆ ಹೈದರಾಬಾದಿಗೆ ಬಂದವನಿಗೆ ಬಲೆ, ತೆಪ್ಪ ಎಲ್ಲ ಗೊತ್ತೆಂದು ತಿಳಿದು ಈ ಕಾವಲಿಗೆ ಕರೆದಿದ್ದರು. ಏರಿಯ ಮೇಲೇ ಗುಡಿಸಲು. ಕೆರೆಯ ಮೂರು ದಿಕ್ಕಿಗೂ ಹೊಸ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಮಾರುವಾಗ ‘ಲೇಕ್ ವ್ಯೂ’ ಎಂದು ಬೋರ್ಡು ಹಾಕಿ ಮಾರಿದವರು, ಅಷ್ಟೂ ಮನೆಗಳ ಪಾಯಖಾನೆಯ ನೀರನ್ನು ಅದೇ ಕೆರೆಗೆ ಬಿಟ್ಟು ಕೈತೊಳೆದುಕೊಂಡಿದ್ದರು.

ಒಂದು ಮಳೆಗಾಲದಲ್ಲಿ ಮೂರು ದಿನ ಬಿಡದೆ ಮೋಡ ಕವಿದಿತ್ತು. ನಾಲ್ಕನೆಯ ದಿನ ಬೆಳಗಾಗುವ ಹೊತ್ತಿಗೆ ಕೆರೆಯ ತುಂಬ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಪಾರ್ಟ್‌ಮೆಂಟಿನವರು ನಾತ ಬರುತ್ತದೆ ಎಂದು ಪತ್ರಿಕೆಗಳಿಗೆ ಫೋನು ಮಾಡಿದರು. ಮೇಲಿನಿಂದ ಒತ್ತಡ ಬಂದದ್ದೇ ಒಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಡೈರೆಕ್ಟರ್ ಸಾಹೇಬರು. ಸದಸ್ಯಳು ನಾನು. ಇನ್ನೊಬ್ಬ ಸದಸ್ಯ ಯಾರು ಅಂತೀರಿ? ನಮ್ಮ ಕೇಂದ್ರಕ್ಕೆ ಕಂಪ್ಯೂಟರ್ ಅಳವಡಿಸಲು ಬಂದಿದ್ದ ಸಾಫ್ಟ್‌ವೇರ್ ಕಂಪನಿಯ ಕನ್ಸಲ್ಟೆಂಟ್! ಮೀನುಗಳಲ್ಲಿ ಕಾಟ್ಲಾ ಯಾವುದು ರೋಹು ಯಾವುದು ಎಂದು ಗುರುತಿಸಲು ಬಾರದ ಆಸಾಮಿ, ಕೆರೆಗೆ ಬಿಳಿ ಬೂಟು ಹಾಕಿಕೊಂಡು ಬಂದಿದ್ದ.

ಮೀನು ಸತ್ತದ್ದು ಸೂರ್ಯ ಹುಟ್ಟುವ ಮೊದಲು. ನಾವು ಹೋದದ್ದು ಮರುದಿನ ಹನ್ನೊಂದೂವರೆಗೆ. ಯಾಕೆಂದರೆ ಸಾಹೇಬರ ಇಡ್ಲಿ, ಕಾಫಿ, ಪತ್ರಿಕೆ ಎಲ್ಲ ಮುಗಿದು ಜೀಪು ಹೊರಡುವ ಹೊತ್ತೇ ಅದು. ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ನಾನು ಏರಿಯ ಪಕ್ಕದಲ್ಲಿ ನೀರು ತುಂಬಿಕೊಂಡು ಪರೀಕ್ಷಿಸಿದೆ. ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ನಾವು ಡಿ.ಓ. ಎನ್ನುತ್ತೇವೆ. ಮೀನು ಉಸಿರಾಡುವುದು ಅದನ್ನೇ. ಲೀಟರಿಗೆ ಐದು ಮಿಲಿಗ್ರಾಂ ಇದ್ದರೆ ಕ್ಷೇಮ, ಒಂದಕ್ಕಿಂತ ಕೆಳಗೆ ಬಂದರೆ ಸಾವು. ಅಲ್ಲಿ ಸಿಕ್ಕಿದ್ದು ಒಂಬತ್ತು ಚಿಲ್ಲರೆ.

“ನೀರು ಫಸ್ಟ್ ಕ್ಲಾಸ್ ಇದೆ. ಅಂದಮೇಲೆ ಇದು ವಿಷ,” ಎಂದರು ಸಾಹೇಬರು. ಅಷ್ಟರಲ್ಲಿ ಕನ್ಸಲ್ಟೆಂಟ್ ಶರಣಪ್ಪನ ಗುಡಿಸಲಿನ ಮುಂದೆ ನಿಂತು ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ಹೊಡೆಯುತ್ತಿದ್ದ. ಬಲೆಗೆ ಕಟ್ಟಿದ ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ಕೀಟನಾಶಕದ ಚೀಟಿ ಇತ್ತಂತೆ! ಗುಜರಿ ಅಂಗಡಿಯ ಖಾಲಿ ಡಬ್ಬಿಗಳನ್ನು ತಂದು, ಬಲೆ ಮುಳುಗದಂತೆ ತೇಲಲು ಕಟ್ಟುವುದು ಆ ಸುತ್ತಿನ ಪ್ರತಿಯೊಬ್ಬ ಮೀನುಗಾರನ ರೂಢಿ. ಒಬ್ಬನನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಿದರೆ ತಾನೇ? ನೀರಲ್ಲಿ ನಿಜವಾಗಿ ಕೀಟನಾಶಕ ಇದೆಯೇ ಎಂಬ ಪರೀಕ್ಷೆಗೆ ಒಂದು ತಿಂಗಳು ಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿತ್ತು! ಸಂಜೆಯೊಳಗೆ ವರದಿ ಟೈಪಾಗಿ ನನ್ನ ಮುಂದೆ ಬಂತು. ಡಿ.ಓ. ಸರಿಯಾಗಿದೆ, ಉಸಿರುಗಟ್ಟಿ ಸತ್ತದ್ದಲ್ಲ, ವಿಷದ ಬಲವಾದ ಅನುಮಾನವಿದೆ ಎಂಬ ಮೂರು ವಾಕ್ಯ. ಸಾಹೇಬರು ನನ್ನ ಬಡ್ತಿಯ ಕಡತಕ್ಕೆ ಅದೇ ವಾರ ಶಿಫಾರಸು ಬರೆಯುವವರಿದ್ದರು. ನಾನು ಸಹಿ ಮಾಡಿದೆ.

ಮರುದಿನವೇ ಪೊಲೀಸರು ಶರಣಪ್ಪನನ್ನು ಒಯ್ದರು. ಹೊರರಾಜ್ಯದವನು, ಜಾಮೀನಿಗೆ ಯಾರೂ ಇಲ್ಲ, ನೇರ ಜೈಲು. ವಿಷ ಹಾಕಿದ್ದು ಸಾಬೀತಾದರೆ ವರ್ಷಗಟ್ಟಲೆ ಒಳಗೇ ಇರಬೇಕಾಗುತ್ತಿತ್ತು.

ಎರಡು ದಿನ ಬಿಟ್ಟು ನಿಂಗವ್ವ ನಮ್ಮ ಕೇಂದ್ರದ ಗೇಟಿನಲ್ಲಿ ನಿಂತಿದ್ದಳು. ಕೆರೆಗೆ ಹೋದ ದಿನ ನಾನು ಅವಳೊಂದಿಗೆ ಕನ್ನಡದಲ್ಲಿ ಎರಡು ಮಾತಾಡಿದ್ದೆ. ಆ ಧೈರ್ಯದ ಮೇಲೆ ಬಂದಿದ್ದಳು. ತಲೆಯ ಮೇಲೊಂದು ಅಲ್ಯೂಮಿನಿಯಂ ಪಾತ್ರೆ. ಕಾವಲಿನವನು ಒಳಗೆ ಬಿಡಲಿಲ್ಲ. ನಾನೇ ಹೊರಗೆ ಹೋದೆ. ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಮೊಳದುದ್ದದ ಎರಡು ಕೊರಮೀನು ಮಿಸುಕಾಡುತ್ತಿದ್ದವು.

“ಅಕ್ಕಾರ, ಇವು ಅದs ಕೆರಿ ಮೀನ್ರಿ. ವಿಷ ಹಾಕಿದ್ರ ಇವು ಉಳೀತಿದ್ವೇನ್ರಿ? ಸಣ್ಣ ಮರಿ ಸೈತ ದಂಡಿಗಿ ಆಡಾಕತ್ತಾವು. ಸತ್ತಿದ್ದು ಬರೇ ದೊಡ್ಡ ಮೀನ್ರಿ. ನೀವು ಮಟಮಟ ಮಧ್ಯಾಹ್ನದಾಗ ಬಂದ್ರ ಏನ್ ತಿಳೀತೈತ್ರಿ? ಹೊತ್ತು ಹುಟ್ಟೂ ಮುಂಚೆ ಬಂದು ನೋಡ್ರಿ, ನೀರಿಗಿ ಉಸಿರs ಇರಂಗಿಲ್ಲ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಕೊರಮೀನು ನೀರಿನ ಮೇಲೆ ಬಾಯಿ ತೆಗೆದು ಗಾಳಿ ಕುಡಿಯುವ ಮೀನು. ನೀರಲ್ಲಿ ಆಮ್ಲಜನಕ ಮುಗಿದರೂ ಬದುಕುತ್ತದೆ, ವಿಷ ಬಿದ್ದರೆ ಬದುಕುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಮೊದಲು ಸಾಯುವುದು ದೊಡ್ಡ ಕಾಟ್ಲಾ, ರೋಹುಗಳೇ. ಕೊಳಚೆ ತಿಂದು ಕೊಬ್ಬಿದ ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ಕತ್ತಲಾದ ಮೇಲೆ ತಾನೇ ಅದನ್ನು ನುಂಗುತ್ತದೆ. ಬೆಳಗಿನ ಜಾವಕ್ಕೆ ಡಿ.ಓ. ತಳ ಕಂಡಿರುತ್ತದೆ, ಮಧ್ಯಾಹ್ನಕ್ಕೆ ಮತ್ತೆ ತುಂಬಿರುತ್ತದೆ. ಮೂರು ದಿನ ಮೋಡ ಕವಿದರೆ ಹಗಲೂ ತುಂಬುವುದಿಲ್ಲ. ಇದೇನು ಹೊಸ ಸಂಶೋಧನೆಯಲ್ಲ. ತರಬೇತಿಗೆ ಬರುವವರಿಗೆ ಪ್ರತಿ ವರ್ಷ ನಾನೇ ಹೇಳಿಕೊಡುತ್ತಿದ್ದ ಪಾಠ!

ಮರುದಿನ ಇನ್ನೂ ನಸುಕಿರುವಾಗಲೇ ಯಜಮಾನರ ಸ್ಕೂಟರಿನ ಹಿಂದೆ ಕುಳಿತು ಕೆರೆಗೆ ಹೋದೆ. “ಇದಕ್ಕೇನು ಓವರ್‌ಟೈಮ್ ಕೊಡತಾರೇನು ನಿಮ್ಮ ಸಾಹೇಬರು?” ಎಂದು ದಾರಿಯುದ್ದಕ್ಕೂ ಗೊಣಗಿದರು. ಆದರೂ ಮಧ್ಯಾಹ್ನದವರೆಗೆ ಏರಿಯ ಮೇಲೆ ಜೊತೆಗೇ ಕೂತಿದ್ದರು. ಐದು ಗಂಟೆಯಿಂದ ಹನ್ನೊಂದೂವರೆಯವರೆಗೆ ಒಂದೇ ಜಾಗದಲ್ಲಿ ಐದು ಬಾಟಲಿ ನೀರು ತುಂಬಿದೆ. ಗುಳ್ಳೆ ಬಾರದಂತೆ ಗಾಜಿನ ಬಾಟಲಿ ತುಂಬಿ, ಎರಡು ರಾಸಾಯನಿಕ ಬಿಟ್ಟು ಮುಚ್ಚಬೇಕು. ಆಮ್ಲಜನಕ ಇದ್ದರೆ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿಯದು. ಐದು ಗಂಟೆಯ ಬಾಟಲಿಯಲ್ಲಿ ಹೆಚ್ಚುಕಡಿಮೆ ಬೆಳ್ಳಗೆ ಕೂತಿತು, ಡಿ.ಓ. ಅರ್ಧ ಮಿಲಿಗ್ರಾಮೂ ಇರಲಿಲ್ಲ. ಕೊನೆಯದರಲ್ಲಿ ಬೆಲ್ಲದ ಬಣ್ಣ.

ಅದೇ ಮಧ್ಯಾಹ್ನ ಐದೂ ಬಾಟಲಿಗಳನ್ನು ಡೈರೆಕ್ಟರರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕನ್ಸಲ್ಟೆಂಟೂ ಅಲ್ಲಿದ್ದ. ತನ್ನ ಕಂಪ್ಯೂಟರಿನಲ್ಲಿ ಆ ಕೆರೆಯದೊಂದು ಗ್ರಾಫ್ ಮಾಡಿ ತೋರಿಸುತ್ತಿದ್ದ. ನೀಲಿ ಬಣ್ಣ, ಹಸಿರು ಗೆರೆ, ಏನು ಚೆಂದ! ಆ ಗೆರೆಗೆ ಆಧಾರ ನನ್ನ ಹನ್ನೊಂದೂವರೆಯ ಒಂದೇ ಒಂದು ಅಂಕಿ. ಒಂದು ಚುಕ್ಕೆಯಿಂದ ಗೆರೆ ಎಳೆಯುವ ವಿದ್ಯೆಗೆ ಆ ಕಾಲದಲ್ಲಿ ಹೈದರಾಬಾದಿನಲ್ಲಿ ಎಂಥ ಮರ್ಯಾದೆಯಿತ್ತು ಅಂತೀರಿ.

“ಇದೇನು ಮೇಡಂ, ಚಹಾದಂಗಡಿ ಇಟ್ಟಿದ್ದೀರಾ?” ಎಂದರು ಸಾಹೇಬರು.

ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲವೆಂದಲ್ಲ, ಅರ್ಥವಾದೊಡನೆ ಮುಖ ಸಣ್ಣದಾಯಿತು. ಕೊಳಚೆ ಎಂದರೆ ಅಪಾರ್ಟ್‌ಮೆಂಟು, ಅಪಾರ್ಟ್‌ಮೆಂಟು ಎಂದರೆ ದೊಡ್ಡವರು. ವಿಷ ಎಂದರೆ ಬರೀ ಶರಣಪ್ಪ.

“ಆಫೀಸು ತೆರೆಯುವ ಮೊದಲು ಸ್ಯಾಂಪಲ್ ತೆಗೆಯಲು ನಿಮಗೆ ಯಾರು ಹೇಳಿದರು?”

“ಮೀನು ಆಫೀಸ್ ಟೈಮಿನಲ್ಲಿ ಸಾಯಲಿಲ್ಲ, ಸರ್.”

“ಸರಿ, ಮೊದಲ ವರದಿಯಲ್ಲಿ ತಾಂತ್ರಿಕ ದೋಷ ಇತ್ತು ಅಂತ ಒಂದು ಸಾಲು ಬರೆದುಕೊಡಿ. ಮುಗೀತು.”

ಎಂಥ ಸಲೀಸು! ದೋಷ ಉಪಕರಣದ್ದು ಎಂದಾದರೆ ಹಳೆಯ ಅಂಕಿಯೂ ನಿಲ್ಲುವುದಿಲ್ಲ, ಹೊಸ ಅಂಕಿಯನ್ನೂ ಯಾರೂ ನಂಬುವುದಿಲ್ಲ; ಡಬ್ಬಿಯ ಫೋಟೋ ಮಾತ್ರ ಉಳಿಯುತ್ತದೆ. ಶರಣಪ್ಪನ ಪರ ಸಂಘದವರು ಹಿಡಿದಿದ್ದ ವಕೀಲರನ್ನು ಕೇಳಿದೆ, ಅವರೂ ಅದನ್ನೇ ಹೇಳಿದರು. ಉಪಕರಣ ಸರಿಯಿತ್ತು, ಹೊತ್ತು ತಪ್ಪಾಗಿತ್ತು, ತಪ್ಪೆಂದು ತೆಗೆದವರಿಗೂ ತಿಳಿದಿತ್ತು ಎಂದು ಬರೆದರೆ ಮಾತ್ರ ಶರಣಪ್ಪ ಹೊರಗೆ ಬರುವುದು.

ಹಾಗೆಯೇ ಬರೆದೆ. “ಆಮ್ಲಜನಕ ಬೆಳಗಿನ ಜಾವ ಅಳೆಯಬೇಕೆಂದು ನನಗೆ ಗೊತ್ತಿತ್ತು. ಅನುಕೂಲಕ್ಕಾಗಿ ಹನ್ನೊಂದೂವರೆಗೆ ಅಳೆದು, ಅದರ ಮೇಲೆ ತೀರ್ಮಾನಕ್ಕೆ ಸಹಿ ಹಾಕಿದೆ.” ಸಾಹೇಬರು ಓದಿ ಕಾಗದವನ್ನು ನನ್ನ ಕಡೆ ತಳ್ಳಿದರು. “ಇದು ಹೋದರೆ ನಿಮ್ಮ ಬಡ್ತಿ ಮರೆತುಬಿಡಿ.” ನಾನು ಕಾಗದವನ್ನು ಮತ್ತೆ ಅವರ ಕಡೆ ತಳ್ಳಿದೆ. ಅದನ್ನು ಪೊಲೀಸರಿಗೆ ಕಳಿಸಲು ಹೆದರಿ ಸಾಹೇಬರು ನಾಲ್ಕು ದಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು, ಹೇಡಿ ಮನುಷ್ಯ. ಐದನೆಯ ದಿನ ಸಂಘದವರು ಆಫೀಸಿನ ಮುಂದೆ ಬಂದು ಕೂತ ಮೇಲೆ ಕಳಿಸಿದರು. ಶರಣಪ್ಪನ ಬಿಡುಗಡೆಯಾಯಿತು. ನನಗೊಂದು ಮೆಮೋ ಬಂತು. ಬಡ್ತಿ ನನಗಿಂತ ಕಿರಿಯವರಿಗೆ ಹೋಯಿತು. ಕೊಳಚೆಯ ಬಗ್ಗೆ ನಾನು ಬರೆದ ಪುಟ ಯಾವ ಕಡತದಲ್ಲಿ ಸತ್ತಿತೋ ಗೊತ್ತಿಲ್ಲ.

ಆ ಭಾನುವಾರ ನಾನು ಕೆರೆಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಿಂದಲೇ ಹೋದೆ. ನನ್ನ ಬಡ್ತಿ ಕಳೆದುಕೊಂಡು ಒಬ್ಬನನ್ನು ಬಿಡಿಸಿದ್ದೇನೆ, ನಾಲ್ಕು ಒಳ್ಳೆಯ ಮಾತು ಕೇಳಿಸಿಕೊಂಡು ಬರೋಣ ಎಂದಿತ್ತು ಮನಸ್ಸಿನಲ್ಲಿ. ಸಂಘದವರು ಆಗಲೇ ಬೇರೆ ಕಾವಲುಗಾರನನ್ನು ಇಟ್ಟುಕೊಂಡಿದ್ದರು. ಗಂಡ ಹೆಂಡತಿ ಗಂಟುಮೂಟೆ ಕಟ್ಟುತ್ತಿದ್ದರು. ಶರಣಪ್ಪ ಸೊರಗಿದ್ದ. ನನ್ನನ್ನು ಕಂಡು ಕೈ ಮುಗಿದು ಹೊರಗೆ ಹೋದ. ನಿಂಗವ್ವ ಕೂರಲು ಚಾಪೆ ಹಾಸಿ, ನೀರು ಕೊಟ್ಟಳು.

“ವಕೀಲ್ರು ನಿಮ್ಮ ಕಾಗದ ಓದಿ ಹೇಳಿದ್ರು, ಅಕ್ಕಾರ. ನಿಮಗ ಆವತ್ತs ಗೊತ್ತಿತ್ತಂತ ಬರದೀರಂತ. ಖರೇನೇನ್ರಿ?”

“ಖರೇ, ನಿಂಗವ್ವ. ಗೊತ್ತಿತ್ತು.”

ಅವಳು ಗಂಟಿನ ಹಗ್ಗ ಬಿಗಿದಳು. ಸಿಟ್ಟಿನ ದನಿಯೇನೂ ಇರಲಿಲ್ಲ.

“ಗೊತ್ತಿಲ್ದವ್ರು ಮಾಡಿದ್ರ ಹೊಟ್ಯಾಗ ಹಾಕ್ಕೊಬೌದಿತ್ರಿ,” ಎಂದಳು.

ನಿವೃತ್ತಿಯಾಗಿ ವರ್ಷಗಳಾದವು. ಆ ಡೈರೆಕ್ಟರನನ್ನು, ಆ ಬಿಳಿ ಬೂಟಿನವನನ್ನು ನೆನೆದರೆ ಈಗಲೂ ಥೂ ಎನ್ನುತ್ತೇನೆ. ಆದರೆ ಒಬ್ಬನಿಗೆ ನೀರು ಗೊತ್ತಿರಲಿಲ್ಲ, ಇನ್ನೊಬ್ಬನಿಗೆ ಮೀನು ಗೊತ್ತಿರಲಿಲ್ಲ. ಆ ಸಮಿತಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಶರಣಪ್ಪ ಜೈಲಿಗೆ ಹೋದದ್ದು ನನ್ನ ಸಹಿಯಿಂದ.