ಕಾಲು ತೋರಿಸಿ

ನನ್ನ ಸೊಸೆಯ ಗಂಟಲು ಸಾಮಾನ್ಯದ್ದಲ್ಲ. ಅಡುಗೆಮನೆಯಲ್ಲಿ ನಿಂತು "ಸಾಸಿವೆ ಮುಗೀತು" ಅಂದರೆ ಮೂರನೇ ಬೀದಿಯ ಅಂಗಡಿಯವನು ಪೊಟ್ಟಣ ಕಟ್ಟಿರುತ್ತಾನೆ. ಇಂಥವಳು ಮೂವತ್ತೆಂಟನೇ ವಯಸ್ಸಿನಲ್ಲಿ ಪ್ರೈಮರಿ ಟೀಚರ್ ಆಗುತ್ತೇನೆಂದು ದೂರಶಿಕ್ಷಣದ ತರಬೇತಿಗೆ ಸೇರಿದಳು. ಕಿವಿ ಮಂದವಿರಲಿ, ಕಣ್ಣು ಮಂದವಿರಲಿ, ಎಲ್ಲ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಕೂರಿಸಿ ಕಲಿಸುವ ವಿದ್ಯೆ ಅದು.

ಕೊನೆಯ ಪರೀಕ್ಷೆಗೆ ಮನೆಯವರನ್ನೇ ಮಕ್ಕಳಂತೆ ಕೂರಿಸಿ, ಫೋನಿನಲ್ಲಿ ಪರೀಕ್ಷಕಿಗೆ ಪಾಠ ತೋರಿಸಬೇಕು. ಒಬ್ಬರಿಗಾದರೂ ಇಂಥ ತೊಂದರೆ ಇರಬೇಕಂತೆ. ನಮ್ಮಲ್ಲಿ ಅದಕ್ಕೇನು ಬರ? ನನ್ನಾಕೆಯ ಕಿವಿಗಳು ರಜೆ ಹಾಕಿ ಹತ್ತು ವರ್ಷವಾಯಿತು.

ಮೊದಲ ಸಲ ಸೊಸೆ ಬೋರ್ಡಿಗೆ ಮುಖ, ನಮಗೆ ಬೆನ್ನು ಕೊಟ್ಟು ಅರ್ಧ, ಕಾಲು, ಮುಕ್ಕಾಲು ಎಂದು ಗುಡುಗಿದಳು. ಗೋಡೆಯ ಸುಣ್ಣ ಉದುರಿತು. ಆಮೇಲೆ ತಿರುಗಿ, "ಎಲ್ಲಿ, ಕಾಲು ತೋರಿಸಿ!" ಅಂದಳು. ತುಟಿ ನೋಡಿ ಮಾತು ಹಿಡಿಯುವ ನನ್ನಾಕೆ ಕಾಲೆತ್ತಿ ಫೋನಿಗೇ ಹಿಡಿದಳು. ಪರೀಕ್ಷಕಿಗೆ ಒಡೆದ ಹಿಮ್ಮಡಿಯ ದರ್ಶನ.

"ಅಜ್ಜಿ ತಪ್ಪಿಲ್ಲಮ್ಮ. ಬೆನ್ನು ತಿರುಗಿಸಿ ಹೇಳಿದ್ರೆ ಅವರಿಗೆ ಪಾಠ ಎಲ್ಲಿ ಕಾಣುತ್ತೆ? ಇನ್ನೊಂದೇ ಅವಕಾಶ," ಅಂದರು ಪರೀಕ್ಷಕಿ.

ಅದೂ ಕೈತಪ್ಪಿದರೆ ಕೆಲಸವಿಲ್ಲ; ಎರಡು ವರ್ಷ ಓದಿದ್ದೆಲ್ಲ ಹೊಳೇಲಿ ಹುಣಿಸೇಹಣ್ಣು ತೊಳೆದಂತೆ. ಸೊಸೆ ವಾರವಿಡೀ ಊಟದಲ್ಲಿ ಉಪ್ಪು ಮರೆತಳು.

ಎರಡನೇ ಸಲ ನಾನಿನ್ನೂ ಓದದ ಪೇಪರನ್ನು ಕಿತ್ತುಕೊಂಡಳು.

"ಅಯ್ಯೋ, ಅದು ಇವತ್ತಿಂದು ಕಣಮ್ಮ!"

"ಸುಮ್ನಿರಿ ಮಾವ, ನೀವೀಗ ಮೂರನೇ ಕ್ಲಾಸು."

ಅತ್ತೆಗೆ ಎದುರಾಗಿ ಕೂತು, ಹಾಳೆ ಮಡಚಿ, ಹರಿದು, ಒಂದೊಂದು ತುಂಡನ್ನೂ ಮುಟ್ಟಿಸಿ, ಹೆಸರು ಬರೆದು ತೋರಿಸಿದಳು. ಕಾಲು ಕೇಳಿದಾಗ ನನ್ನಾಕೆ ನಾಲ್ಕರಲ್ಲಿ ಒಂದು ತುಂಡನ್ನು ಬಾವುಟದಂತೆ ಎತ್ತಿದಳು. ಕಿವಿ ನೆಟ್ಟಗಿರುವ ನಾನು ಅರ್ಧ ಎತ್ತಿದೆ. ಅದರಲ್ಲಿ ಆಟದ ಸುದ್ದಿ ಇತ್ತು.

ಪರೀಕ್ಷಕಿ ಕೆಮ್ಮಿದರು. "ಇವತ್ತು ಶುರುವಿಂದ್ಲೂ ನಿಮ್ಮ ಮೈಕು ಆಫ್ ಆಗಿದೆಯಮ್ಮ."

ಸೊಸೆ ಬಿಳಿಚಿಕೊಂಡಳು. ಫೋನ್ ತರಗತಿಯಲ್ಲಿ ಎರಡು ವರ್ಷ "ಎಲ್ಲರೂ ಮೈಕ್ ಆಫ್ ಮಾಡಿ" ಅನ್ನಿಸಿಕೊಂಡ ಬೆರಳು, ಅಭ್ಯಾಸಬಲದಿಂದ ಅದನ್ನೇ ಒತ್ತಿತ್ತು. ಊರಿಗೆಲ್ಲ ಕೇಳಿಸಿದ ಪಾಠ ಪರೀಕ್ಷಕಿಗೆ ಮಾತ್ರ ಕೇಳಿಸಿರಲಿಲ್ಲ!

"ನಿಲ್ಲಿಸೋಣ ಅಂತಿದ್ದೆ. ಅಷ್ಟರಲ್ಲಿ ನನಗೇ ಪಾಠ ಅರ್ಥ ಆಗ್ತಾ ಬಂತು. ಒಂದಕ್ಷರ ಕೇಳಿಸದೇ ಇದ್ರೂ ಕಾಲು ಅಂದ್ರೇನು ಅಂತ ಗೊತ್ತಾಯ್ತಲ್ಲ, ಇನ್ನೇನು ಬೇಕು? ಪಾಸು! ಆದ್ರೆ ಆ ತಾತನಿಗೆ ಇನ್ನೊಂದ್ಸಲ ಹೇಳಿಕೊಡಿ."

ಮೇಡಂ ಹೇಳಿದ ಮಾತು ಮೀರುವವಳೇ ನನ್ನ ಸೊಸೆ? ಅಂದಿನಿಂದ ಬೆಳಿಗ್ಗೆ ನನ್ನ ಕೈಗೆ ಬರುವುದು ಕಾಲು ಪೇಪರು.